ಮೇಣದ ಕಾಗದದೊಳಗಿನ ಬೇಸ್‌ಬಾಲ್: 1991ರ ಟಾಪ್ಸ್ ಕಾರ್ಡುಗಳ ಒಂದು ಇಡೀ ಬಾಕ್ಸ್

ನಾನು ವಾಸವಾಗಿರುವ ನ್ಯೂಜರ್ಸಿಯ ಊರಿನಲ್ಲಿ ಹಳೆಯ ನಾಣ್ಯ, ಅಂಚೆಚೀಟಿ ಮತ್ತು ಕ್ರೀಡಾ ಕಾರ್ಡುಗಳನ್ನು ಮಾರುವ ಸಣ್ಣ ಅಂಗಡಿಯೊಂದಿದೆ. ಕಳೆದ ಚಳಿಗಾಲದಲ್ಲಿ ಅಲ್ಲಿಂದ ಟಾಪ್ಸ್ ಕಂಪನಿಯ 1991ರ ಬೇಸ್‌ಬಾಲ್ ಕಾರ್ಡುಗಳ (ಆಟಗಾರರ ಚಿತ್ರ, ಲೆಕ್ಕ ಮುದ್ರಿಸಿದ ರಟ್ಟಿನ ತುಂಡುಗಳ) ಒಂದು ಇಡೀ ಬಾಕ್ಸನ್ನು 25 ಡಾಲರಿಗೆ ಕೊಂಡೆ. ಅದರಲ್ಲಿ 36 ಪ್ಯಾಕುಗಳಿದ್ದವು. ಪ್ರತಿ ಪ್ಯಾಕಿನಲ್ಲಿ 15 ಕಾರ್ಡು ಮತ್ತು ಒಂದು ತುಂಡು ಬಬಲ್ ಗಮ್. ಮೂವತ್ತು ವರ್ಷಗಳಿಗೂ ಹಿಂದೆ ಮೇಣದ ಕಾಗದದಲ್ಲಿ ಸುತ್ತಿ ಕಾರ್ಖಾನೆಯಿಂದ ಹೊರಬಿದ್ದ ಆ ಪ್ಯಾಕುಗಳನ್ನು ಅಲ್ಲಿಂದೀಚೆಗೆ ಯಾರೂ ಬಿಚ್ಚಿರಲಿಲ್ಲ. ಅಷ್ಟು ಹಳೆಯ ವಸ್ತು ನಾಲ್ಕು ಜನರ ಮನೆಗೆ ಒಂದು ಹೊತ್ತು ಪಿಜ್ಜಾ ತರಿಸುವ ಖರ್ಚಿಗಿಂತ ಕಡಿಮೆಗೆ ಸಿಗುವುದೇಕೆ, ಸಿಕ್ಕರೂ ಕೊಳ್ಳತಕ್ಕದ್ದೇ ಎಂದು ಕೇಳುವವರಿಗಾಗಿ, ಅದನ್ನು ಬಿಚ್ಚಿ, ವಿಂಗಡಿಸಿ, ನಾಲ್ಕು ತಿಂಗಳು ಕೈಯಲ್ಲಿ ಆಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಾಕಿದ ದುಡ್ಡು ಬೆಳೆಯಬೇಕೆನ್ನುವವರು ಇದರ ಗೊಡವೆಗೆ ಹೋಗುವುದು ಬೇಡ. ಬೇಸ್‌ಬಾಲ್ ಎಂಬ ಆಟವನ್ನು, ಅದನ್ನು ಆಡಿದವರನ್ನು ಹತ್ತಿರದಿಂದ ಅರಿಯಬೇಕೆನ್ನುವವರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಪ್ರೀತಿಯ ದಾರಿಯನ್ನು ನಾನು ಕಂಡಿಲ್ಲ.

ಬೆಲೆ ಇಷ್ಟು ಕುಸಿದದ್ದಕ್ಕೆ ಕಾರಣವನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ಅದು ತಿಳಿಯದೆ ಕೊಂಡವರಿಗೆ ನಿರಾಸೆ ತಪ್ಪಿದ್ದಲ್ಲ. ಟಾಪ್ಸ್ ಕಂಪನಿ 1952ರಲ್ಲಿ ತಂದ ಕಾರ್ಡುಗಳ ಕೊನೆಯ ಭಾಗ ಮಾರಾಟವಾಗದೆ ಉಳಿದು, ಗೋದಾಮಿನಲ್ಲಿ ಜಾಗ ಹಿಡಿದುಕೊಂಡಿತ್ತು. ಆ ಕಾರ್ಡುಗಳನ್ನು ರೂಪಿಸಿದ ಸೈ ಬರ್ಗರ್ ಅವರೇ ಮುಂದೆ ನಿಂತು ಅವನ್ನೆಲ್ಲ ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರೆಂಬುದು ಸಂಗ್ರಾಹಕರೆಲ್ಲರ ಬಾಯಲ್ಲಿರುವ ಕಥೆ. ಖ್ಯಾತ ಆಟಗಾರ ಮಿಕಿ ಮ್ಯಾಂಟಲ್ ಅವರ 1952ರ ಕಾರ್ಡು ಅದೇ ಭಾಗದ್ದು. 1980ರ ದಶಕದಲ್ಲಿ ಅಂಥ ಹಳೆಯ ಕಾರ್ಡುಗಳ ಬೆಲೆ ಏರುತ್ತಾ ಹೋದಾಗ, ಬಾಲ್ಯದಲ್ಲಿ ಅವನ್ನು ಸೈಕಲ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಸಿ ಹಾಳುಮಾಡಿದ ತಲೆಮಾರು, ಈ ಬಾರಿ ಒಂದನ್ನೂ ಕಳೆದುಕೊಳ್ಳಬಾರದೆಂದು ಹೊಸ ಕಾರ್ಡುಗಳನ್ನು ಬಾಕ್ಸುಗಟ್ಟಲೆ ಕೊಂಡು ಅಟ್ಟದ ಮೇಲೆ ಪೇರಿಸಿತು. ಟಾಪ್ಸ್‌ನ ಏಕಸ್ವಾಮ್ಯ ನ್ಯಾಯಾಲಯದಲ್ಲಿ ಮುರಿದು ಬಿದ್ದ ಮೇಲೆ 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್, 1988ರಲ್ಲಿ ಸ್ಕೋರ್, 1989ರಲ್ಲಿ ಅಪ್ಪರ್ ಡೆಕ್ ಕಣಕ್ಕಿಳಿದಿದ್ದವು. ಎಲ್ಲರೂ ಬೇಡಿಕೆ ಇದ್ದಷ್ಟೂ ಮುದ್ರಿಸಿದರು. ಎಷ್ಟು ಮುದ್ರಿಸಿದೆವೆಂದು ಯಾರೂ ಹೇಳಲಿಲ್ಲ. ಎಲ್ಲರೂ ಜೋಪಾನ ಮಾಡಿದ್ದು ಎಂದಿಗೂ ಅಪರೂಪವಾಗುವುದಿಲ್ಲ. 1994ರ ಆಗಸ್ಟ್ 12ರಂದು ಆಟಗಾರರು ಮುಷ್ಕರ ಹೂಡಿ, ಆ ವರ್ಷದ ವರ್ಲ್ಡ್ ಸೀರೀಸ್ ಎಂಬ ಅಂತಿಮ ಪಂದ್ಯಾವಳಿ ಕೂಡ ರದ್ದಾದಾಗ ಜನರಿಗೆ ಆಟದ ಮೇಲೆಯೇ ಬೇಸರ ಹುಟ್ಟಿತು, ಮೊದಲೇ ತುಂಬಿ ತುಳುಕುತ್ತಿದ್ದ ಕಾರ್ಡುಗಳ ಮಾರುಕಟ್ಟೆ ಇನ್ನಷ್ಟು ಕುಸಿಯಿತು. ಇಂದು ಆ ಕಾಲದ ಸರಕಿಗೆ ಇಲ್ಲಿಯವರು ‘ಜಂಕ್ ವ್ಯಾಕ್ಸ್’ ಎನ್ನುತ್ತಾರೆ. ಗುಜರಿ ಎಂಬ ಅರ್ಥ ಬರುವ ಆ ಹೆಸರು ನನಗೆ ಒಪ್ಪಿಗೆಯಿಲ್ಲ.

1991ರ ಬಾಕ್ಸನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಟಾಪ್ಸ್ ತನ್ನ ಪ್ಯಾಕಿನಲ್ಲಿ ಕಾರ್ಡಿನ ಜೊತೆ ಬಬಲ್ ಗಮ್ ಇಟ್ಟು ಮಾರಿದ ಕೊನೆಯ ವರ್ಷ ಅದು. ಮರುವರ್ಷ ಗಮ್ ಹೋಯಿತು, ಮೇಣದ ಕಾಗದ ಹೋಗಿ ಪ್ಲಾಸ್ಟಿಕ್ ಹೊದಿಕೆ ಬಂತು, ಬೂದು ಬಣ್ಣದ ಒರಟು ರಟ್ಟಿನ ಬದಲು ಬಿಳಿಯ ರಟ್ಟು ಬಂತು. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಬಿಗ್ ಫನ್ ಬಬಲ್ ಗಮ್ ಕೊಂಡರೆ ಒಳಗೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು. ಗಮ್ ಅಗಿಯುವುದಕ್ಕಿಂತ ಚಿತ್ರ ನೋಡುವ ಆತುರವೇ ಹೆಚ್ಚಾಗಿದ್ದ, ಎರಡೆರಡು ಬಂದ ಚಿತ್ರಗಳನ್ನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅದಲು ಬದಲು ಮಾಡಿಕೊಳ್ಳುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಗಮ್ ಇರುವ ಕಾರ್ಡಿನ ಪ್ಯಾಕು ನನ್ನ ಮಟ್ಟಿಗೆ ಪರದೇಶದ ವಸ್ತುವೇನಲ್ಲ.

ಬಾಕ್ಸಿನ ಮುಚ್ಚಳ ತೆರೆದರೆ ಪ್ಯಾಕುಗಳು ಒತ್ತೊತ್ತಾಗಿ ಸಾಲುಗಟ್ಟಿ ಕೂತಿರುತ್ತವೆ. ಪ್ಯಾಕಿನ ಹಿಂಬದಿಯ ಮಡಿಕೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿದರೆ ಮೇಣ ಬಿಟ್ಟುಕೊಳ್ಳುವ ಸಣ್ಣ ಚಟಪಟ ಸದ್ದು ಕೇಳುತ್ತದೆ. ಅದರ ಹಿಂದೆಯೇ ಸಕ್ಕರೆ ಮತ್ತು ಹಳೆಯ ರಟ್ಟು ಬೆರೆತ ವಾಸನೆ ಬರುತ್ತದೆ. ಗಮ್ ಈಗ ಹೆಂಚಿನ ಚೂರಿನಂತೆ ಗಟ್ಟಿಯಾಗಿದೆ. ಎರಡು ಬೆರಳ ನಡುವೆ ಹಿಡಿದು ಬಗ್ಗಿಸಿದರೆ ಟಕ್ಕೆಂದು ಮುರಿದು ಪುಡಿಯಾಗುತ್ತದೆ, ಪುಡಿ ಬಟ್ಟೆಗೆಲ್ಲ ಅಂಟುತ್ತದೆ. ಅದನ್ನು ಬಾಯಿಗೆ ಹಾಕಿಕೊಳ್ಳಬಾರದು, ಮಕ್ಕಳ ಕೈಗೂ ಕೊಡಬಾರದು. ಗಮ್ಮಿಗೆ ತಾಗಿಕೊಂಡಿದ್ದ ಕಾರ್ಡಿನ ಮೇಲೆ ಕಂದು ಬಣ್ಣದ ಆಯತಾಕಾರದ ಕಲೆ ಉಳಿದಿರುತ್ತದೆ. ನನ್ನ ಬಾಕ್ಸಿನಲ್ಲಿ ಹೀಗೆ ಕೆಟ್ಟ ಕಾರ್ಡುಗಳು ಇಪ್ಪತ್ತಕ್ಕೂ ಹೆಚ್ಚು. ಎರಡರಲ್ಲಂತೂ ಗಮ್ ಬಿಡಿಸುವಾಗ ಮೇಲ್ಪದರವೇ ಕಿತ್ತುಬಂತು. ಇನ್ನು ಕೆಲವಕ್ಕೆ ಹೊದಿಕೆಯ ಮೇಣ ಮೆತ್ತಿಕೊಂಡಿತ್ತು. ಮೇಣದ ಕಲೆಯನ್ನು ಹೆಂಗಸರ ತೆಳು ನೈಲಾನ್ ಕಾಲುಚೀಲದ ತುಂಡಿನಿಂದ ಹಗುರವಾಗಿ ಉಜ್ಜಿ ತೆಗೆಯುವುದು ಇಲ್ಲಿನ ಹಳೆಯ ಸಂಗ್ರಾಹಕರ ವಿದ್ಯೆ. ನಾನೂ ಮಾಡಿ ನೋಡಿದೆ: ಮುಂಬದಿಯ ಕಲೆ ಹೋಗುತ್ತದೆ, ಹಿಂಬದಿಯ ಒರಟು ರಟ್ಟಿಗೆ ಇಂಗಿದ್ದು ಹೋಗುವುದಿಲ್ಲ. ಬಾಕ್ಸಿನ ತಳವನ್ನು ಎಸೆಯಬೇಡಿ. ಅಲ್ಲಿ ಬೇರೆಯೇ ಆದ ನಾಲ್ಕು ಕಾರ್ಡುಗಳನ್ನು ಮುದ್ರಿಸಿದ್ದಾರೆ. ಅಂಥವು ಒಟ್ಟು 16, ಅವುಗಳಿಗೆ ಅಂಕಿಯ ಬದಲು ಎ ಇಂದ ಪಿ ವರೆಗಿನ ಅಕ್ಷರಗಳ ಗುರುತು.

ಈಗ ಕಾರ್ಡಿನ ಮಾತು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಆ ರಟ್ಟಿನ ಮುಂಬದಿಯಲ್ಲಿ ಬಿಳಿಯ ಅಂಚು, ಅದರೊಳಗೆ ತಂಡದ ಬಣ್ಣದ ತೆಳುವಾದ ಜೋಡಿ ಚೌಕಟ್ಟು, ಮೇಲಿನ ಎಡ ಮೂಲೆಯಲ್ಲಿ ಟಾಪ್ಸ್ ಬೇಸ್‌ಬಾಲಿನ 40 ವರ್ಷಗಳ ಗುರುತು. ವಿನ್ಯಾಸ ಅಷ್ಟೇ. ಮಿರುಗುವ ಲೇಪವಿಲ್ಲ, ಚಿನ್ನದ ಅಚ್ಚಿಲ್ಲ. ಆದರೆ ಛಾಯಾಚಿತ್ರಗಳು ಆ ದಶಕದ ಟಾಪ್ಸ್ ಕಾರ್ಡುಗಳಲ್ಲೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಬ್ಯಾಟನ್ನು ಹೆಗಲಿಗೇರಿಸಿ ಕ್ಯಾಮೆರಾ ಕಡೆ ನೋಡುತ್ತ ನಿಂತವರೇ ಹೆಚ್ಚು. ಇಲ್ಲಿ ಆಟ ನಡೆಯುತ್ತಿದೆ: ಬೇಸಿನತ್ತ (ಓಟದ ಹಾದಿಯ ನೆಲೆಯತ್ತ) ಜಾರಿ ಬರುವವನ ಕಾಲಡಿ ಕೆಂಪು ಮಣ್ಣು ಹಾರುತ್ತಿದೆ, ಚೆಂಡು ಬಿಟ್ಟ ಪಿಚರನ ತೋಳು ಇನ್ನೂ ಗಾಳಿಯಲ್ಲಿದೆ. ಅನೇಕ ಚಿತ್ರಗಳನ್ನು ಕಾರ್ಡಿನ ಉದ್ದಕ್ಕೆ ಅಡ್ಡಲಾಗಿ ಕೂರಿಸಿದ್ದರಿಂದ ಮೈದಾನಕ್ಕೂ ಸ್ವಲ್ಪ ಜಾಗ ಸಿಕ್ಕಿದೆ.

ನನಗೆ ಮುಂಬದಿಗಿಂತ ಹಿಂಬದಿಯೇ ಹೆಚ್ಚು ಪ್ರಿಯ. ಬೂದು ರಟ್ಟಿನ ಮೇಲೆ ಸಣ್ಣಕ್ಷರಗಳಲ್ಲಿ ಆಟಗಾರನ ವರ್ಷವಾರು ಲೆಕ್ಕವಿರುತ್ತದೆ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿರದ ನಾನು ಬೇಸ್‌ಬಾಲನ್ನು ಕಲಿತದ್ದು ಟಿವಿಯ ಮುಂದೆ ಕೂತಲ್ಲ, ಈ ಬೂದು ಬದಿಯನ್ನು ಓದುತ್ತ. ಒಂದನೆಯ ನಂಬರಿನ ಕಾರ್ಡು ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ ನೋಲನ್ ರಯಾನ್ ಅವರದು. 1966ರಲ್ಲಿ ಶುರುವಾದ ಅವರ ವೃತ್ತಿಜೀವನದ ಸಾಲುಗಳು ಒಂದರ ಕೆಳಗೊಂದು ಇರುವೆ ಸಾಲಿನಂತೆ ತಳದವರೆಗೆ ಇಳಿದು ಬರುತ್ತವೆ, ಓದಲು ಕನ್ನಡಕವನ್ನು ಒರೆಸಿಕೊಳ್ಳಬೇಕಾಗುತ್ತದೆ. 1990ರ ಕೊನೆಗೆ ಮೂರು ಸ್ಟ್ರೈಕಿಗೆ ಬ್ಯಾಟರುಗಳನ್ನು ಔಟ್ ಮಾಡಿ ಅವರು ಪಡೆದಿದ್ದ ಸ್ಟ್ರೈಕ್‌ಔಟ್‌ಗಳು 5,308. ಆ ಸಂಖ್ಯೆ ಕೊನೆಗೆ 5,714ಕ್ಕೆ ಮುಟ್ಟಿತು, ಇಂದಿಗೂ ಅದನ್ನು ಯಾರೂ ಮುಟ್ಟಿಲ್ಲ. 670ನೆಯ ಕಾರ್ಡಿನ ರಿಕಿ ಹೆಂಡರ್ಸನ್ 1990ರ ವರೆಗೆ ಕದ್ದ, ಅಂದರೆ ಬ್ಯಾಟರ್ ಚೆಂಡು ಹೊಡೆಯದಿದ್ದರೂ ಓಡಿ ಮುಟ್ಟಿದ ಬೇಸುಗಳು 936. ಲೂ ಬ್ರಾಕ್ ಅವರ ದಾಖಲೆ 938. ಕಾರ್ಡು ಮುದ್ರಣವಾಗುವ ಹೊತ್ತಿಗೆ ಇನ್ನು ಮೂರೇ ಬೇಸು ಬಾಕಿ. 1991ರ ಮೇ 1ರಂದು ಹೆಂಡರ್ಸನ್ ಆ ದಾಖಲೆಯನ್ನು ದಾಟಿದರು. ಅದೇ ದಿನ ಸಂಜೆ ನೋಲನ್ ರಯಾನ್ ಎದುರು ತಂಡಕ್ಕೆ ಒಂದೂ ಹಿಟ್ ಕೊಡದ ತಮ್ಮ ಏಳನೆಯ ನೋ-ಹಿಟ್ಟರ್ ಆಡಿದರು. ಈ ಎರಡು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದಾಗ, ನಾಳೆ ಏನಾಗಲಿದೆಯೆಂದು ಅವುಗಳಿಗೆ ಗೊತ್ತಿಲ್ಲ, ನಮಗೆ ಗೊತ್ತಿದೆ ಎಂಬ ಅರಿವು ಮೈ ಜುಮ್ಮೆನಿಸುತ್ತದೆ.

790ನೆಯ ಕಾರ್ಡಿನ ಕೆನ್ ಗ್ರಿಫಿ ಜೂನಿಯರ್ ಅವರ ಕಥೆ ಇದಕ್ಕೆ ತಿರುಗಾಮುರುಗಾ. ಇಪ್ಪತ್ತೊಂದರ ಹುಡುಗನ ಲೆಕ್ಕದಲ್ಲಿ ಅತ್ಯುನ್ನತ ಮಟ್ಟದ ಮೇಜರ್ ಲೀಗಿನದು ಎರಡೇ ಸಾಲು: 1989ರಲ್ಲಿ 16 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ), 1990ರಲ್ಲಿ 22. ಮುಂದೆ 630ರ ವರೆಗೆ ಬೆಳೆದ ಲೆಕ್ಕದ ಮೊದಲ ಎರಡು ಮೆಟ್ಟಿಲು ಅಲ್ಲಿವೆ. ಒಂದನೆಯ ಮತ್ತು 790ನೆಯ ಕಾರ್ಡುಗಳ ನಡುವೆ ಎಲ್ಲೋ, 333ನೆಯ ನಂಬರಿನಲ್ಲಿ, ಮೇಜರ್ ಲೀಗಿನ ಒಂದು ಆಟವನ್ನೂ ಆಡದ ಹುಡುಗ ಚಿಪ್ಪರ್ ಜೋನ್ಸ್ ಇದ್ದಾರೆ. ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನ ಶಾಲೆಯಿಂದ ನೇರವಾಗಿ 1990ರ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ) ಅಟ್ಲಾಂಟಾ ಬ್ರೇವ್ಸ್ ತಂಡ ಮೊದಲನೆಯವರಾಗಿ ಆರಿಸಿಕೊಂಡವರು. 468 ಹೋಮ್ ರನ್ ಬಾರಿಸಿ 2018ರಲ್ಲಿ ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಇಡೀ ಬಾಕ್ಸಿನಲ್ಲಿ ರೂಕಿ ಕಾರ್ಡೆಂದು (ಹೊಸ ಆಟಗಾರನ ಮೊದಲ ಕಾರ್ಡೆಂದು) ಜನ ಹುಡುಕುವುದು ಮುಖ್ಯವಾಗಿ ಇದನ್ನೇ. ನನಗೆ ಇಪ್ಪತ್ತೆರಡನೆಯ ಪ್ಯಾಕಿನಲ್ಲಿ, ಸ್ವಲ್ಪ ಓರೆಯಾಗಿ ಕತ್ತರಿಸಿದ್ದು ಸಿಕ್ಕಿತು.

ಓರೆಯಾಗಿ ಕತ್ತರಿಸಿರುವುದು ಈ ಸರಕಿನ ದೊಡ್ಡ ದೋಷ. ಟಾಪ್ಸ್ ದೊಡ್ಡ ಹಾಳೆಯೊಂದರ ಮೇಲೆ 132 ಕಾರ್ಡುಗಳನ್ನು ಮುದ್ರಿಸಿ ಕತ್ತರಿಸುತ್ತಿತ್ತು. ಅಂಥ ಆರು ಹಾಳೆ ಸೇರಿ 792 ಕಾರ್ಡುಗಳ ಪೂರ್ಣ ಸೆಟ್. ಕತ್ತರಿ ಕೂದಲೆಳೆಯಷ್ಟು ಸರಿದರೂ ಬಿಳಿಯ ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಒಳಗಿನ ಜೋಡಿ ಚೌಕಟ್ಟು ಆ ತಪ್ಪನ್ನು ಎತ್ತಿ ತೋರಿಸುತ್ತದೆ. ಇವನ್ನು ಕಾರ್ಡುಗಳ ಸ್ಥಿತಿ ಪರೀಕ್ಷಿಸುವ ಪಿಎಸ್‌ಎಯಂಥ ಸಂಸ್ಥೆಗೆ ಕಳಿಸಿ ದರ್ಜೆ ಹಾಕಿಸುವ ಆಲೋಚನೆಯನ್ನು ಬಿಟ್ಟುಬಿಡುವುದು ಲೇಸು. ಬಹುತೇಕ ಕಾರ್ಡುಗಳಿಗೆ ಪರೀಕ್ಷೆಯ ಶುಲ್ಕವೇ ಕಾರ್ಡಿನ ಬೆಲೆಯ ಹಲವು ಪಟ್ಟಾಗುತ್ತದೆ.

ಎರಡನೆಯ ಕೊರತೆ ಲೆಕ್ಕದ್ದು. 36 ಪ್ಯಾಕಿಗೆ 15ರಂತೆ 540 ಕಾರ್ಡು. ಸೆಟ್ಟಿಗೆ ಬೇಕಾದದ್ದು 792. ಒಂದೂ ಎರಡೆರಡು ಬಾರಿ ಬಾರದಿದ್ದರೂ ಒಂದು ಬಾಕ್ಸಿನಿಂದ ಸೆಟ್ ಪೂರ್ತಿಯಾಗದು. ನಾನು ಮತ್ತು ನನ್ನ ಮಗಳು ಮೂರು ಭಾನುವಾರ ಹಜಾರದ ನೆಲದ ಮೇಲೆ ನೂರರ ಗುಂಪು, ಹತ್ತರ ಗುಂಪು ಮಾಡಿ ಜೋಡಿಸಿ ಎಣಿಸಿದೆವು. 487 ಬೇರೆ ಬೇರೆ ಕಾರ್ಡು, 53 ಪುನರಾವರ್ತನೆ, 305 ಬಾಕಿ. ಸೆಟ್ ಮಾತ್ರ ಸಾಕೆನ್ನುವವರು ಕಾರ್ಖಾನೆಯೇ ಜೋಡಿಸಿ ಮಾರಿದ 792ರ ಡಬ್ಬಿಯನ್ನು ಕೊಳ್ಳಬಹುದು. ಅದಕ್ಕೂ ದೊಡ್ಡ ಬೆಲೆಯೇನಿಲ್ಲ, ಗಮ್ಮಿನ ಕಲೆಯ ಕಾಟವೂ ಇಲ್ಲ. ಆದರೆ ಆ ಡಬ್ಬಿಯನ್ನು ತೆರೆದರೆ ಎಲ್ಲವೂ ಒಮ್ಮೆಗೇ ಸಿಕ್ಕಿಬಿಡುತ್ತದೆ, ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ. “ಅಪ್ಪಾ, 411 ಸಿಕ್ತು!” ಎಂದು ಮಗಳು ಒಳಗಿನ ಕೋಣೆಯಿಂದ ಓಡಿ ಬಂದದ್ದು ಆ ಡಬ್ಬಿಯಲ್ಲಿ ಬರುವಂಥದ್ದಲ್ಲ.

ಕೊಳ್ಳುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು, ಇದರಲ್ಲಿ ನಾನೇ ಏಟು ತಿಂದಿದ್ದೇನೆ. ಗಲ್ಫ್ ಯುದ್ಧದ ಸಮಯದಲ್ಲಿ ಟಾಪ್ಸ್ ಇದೇ 1991ರ ಕಾರ್ಡುಗಳ ಮುಂಬದಿಗೆ ‘ಡೆಸರ್ಟ್ ಶೀಲ್ಡ್’ ಎಂಬ ಚಿನ್ನದ ಬಣ್ಣದ ಮುದ್ರೆ ಒತ್ತಿ, ಕೊಲ್ಲಿಯಲ್ಲಿದ್ದ ಅಮೆರಿಕದ ಸೈನಿಕರಿಗೆ ಕಳಿಸಿತ್ತು. ಮರುಭೂಮಿಯ ಬಿಡಾರಗಳಲ್ಲಿ ಹಂಚಿಹೋದ ಅವುಗಳಲ್ಲಿ ಕೆಡದೆ ಉಳಿದವು ಕಡಿಮೆ, ಆದ್ದರಿಂದ ಬೆಲೆ ಹೆಚ್ಚು; ಮುದ್ರೆ ಬಿದ್ದ ಚಿಪ್ಪರ್ ಜೋನ್ಸ್ ಕಾರ್ಡಿಗಂತೂ ಬಹಳ ಹೆಚ್ಚು. ಸಾಮಾನ್ಯ ಕಾರ್ಡು ಬೇಕಾದಷ್ಟು ಸಿಗುವಾಗ ಅದರ ಮೇಲೆ ಸುಳ್ಳು ಮುದ್ರೆ ಒತ್ತುವುದು ಕಷ್ಟದ ಕೆಲಸವಲ್ಲ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ ನಾನು ಅಂಥದೊಂದು ಕಾರ್ಡನ್ನು ಕೊಂಡೆ. ಬಂದ ದಿನ ದೀಪದ ಕೆಳಗೆ ಭೂತಗನ್ನಡಿ ಹಿಡಿದು ನೋಡಿದರೆ ಚಿನ್ನದ ಗೆರೆಗಳ ಅಂಚು ಕದಡಿದ ಹಾಗಿತ್ತು, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಗಡಿಯವರು ತಮ್ಮಲ್ಲಿದ್ದ ದರ್ಜೆ ಹಾಕಿಸಿದ ಅಸಲಿಯನ್ನು ಪಕ್ಕದಲ್ಲಿಟ್ಟು ತೋರಿಸಿದಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಹಣ ಹಿಂದಿರುಗಲಿಲ್ಲ. ಡೆಸರ್ಟ್ ಶೀಲ್ಡ್ ಬೇಕೆನ್ನುವವರು ಪರೀಕ್ಷೆಗೊಳಪಟ್ಟು ಪ್ಲಾಸ್ಟಿಕ್ ಕವಚದಲ್ಲಿ ಬಂದದ್ದನ್ನು ಮಾತ್ರ ಕೊಳ್ಳಬೇಕು. ಸಾಮಾನ್ಯ ಬಾಕ್ಸಿನಲ್ಲಿ ಅದು ಸಿಕ್ಕೀತೆಂದು ಆಸೆ ಹುಟ್ಟಿಸಿ ಹೆಚ್ಚು ಬೆಲೆ ಕೇಳುವವರನ್ನು ನಂಬಲೇಬಾರದು. ಆ ಕಾರ್ಡುಗಳು ಅಂಗಡಿಯ ಬಾಕ್ಸುಗಳಿಗೆ ಬಂದವಲ್ಲ. ಸಿಗಬಹುದಾದದ್ದು ಇನ್ನೊಂದು: ನಲವತ್ತನೆಯ ವರ್ಷದ ನೆನಪಿಗೆ ಟಾಪ್ಸ್ ಹಿಂದಿನ ವರ್ಷಗಳ ಅಸಲಿ ಕಾರ್ಡುಗಳನ್ನು ಅಲ್ಲೊಂದು ಇಲ್ಲೊಂದು ಪ್ಯಾಕಿಗೆ ಸೇರಿಸಿತ್ತು. ನನ್ನ ಬಾಕ್ಸಿನಲ್ಲಿ ಬರಲಿಲ್ಲ.

ಅದೇ ಕಾಲದ ಇತರ ಬಾಕ್ಸುಗಳನ್ನೂ ಕೆಲವನ್ನು ಬಿಚ್ಚಿದ್ದೇನೆ. ಟಾಪ್ಸ್‌ನದೇ ಆದ 1991ರ ಸ್ಟೇಡಿಯಂ ಕ್ಲಬ್ ನೋಡಲು ಬಲು ಸುಂದರ. ಅಂಚಿಲ್ಲದೆ ಚಿತ್ರ ಕಾರ್ಡಿನ ತುದಿಯವರೆಗೂ ಹರಡಿದೆ, ಹೊಳಪಿದೆ, ಚಿನ್ನದ ಅಚ್ಚಿದೆ. ಆ ಹೊಳಪಿನ ಲೇಪವೇ ಈಗ ಅದಕ್ಕೆ ಶತ್ರು. ಸೆಖೆ, ತೇವ ಕಂಡ ಬಾಕ್ಸಾದರೆ ಕಾರ್ಡುಗಳು ಒಂದಕ್ಕೊಂದು ಕಚ್ಚಿಕೊಂಡು ಇಟ್ಟಿಗೆಯಾಗಿರುತ್ತವೆ, ಬಿಡಿಸಹೋದರೆ ಆಟಗಾರನ ಮುಖವೇ ಕಿತ್ತುಬರುತ್ತದೆ. ಅದೇ ವರ್ಷದ ಫ್ಲೀರ್‌ನ ಹಳದಿ ಅಂಚು ನನ್ನ ಕಣ್ಣಿಗೆ ಹಿಡಿಸಲಿಲ್ಲ. 1990ರ ಅಪ್ಪರ್ ಡೆಕ್ ಒಳ್ಳೆಯ ಮುದ್ರಣ, ಹಿಂಬದಿಯಲ್ಲೂ ಬಣ್ಣದ ಚಿತ್ರ. ರೆಜಿ ಜಾಕ್ಸನ್ ಸ್ವತಃ ಸಹಿ ಮಾಡಿದ 2,500 ಕಾರ್ಡುಗಳನ್ನು ಅದರ ಎರಡನೆಯ ಕಂತಿನ ಪ್ಯಾಕುಗಳಲ್ಲಿ ಅಡಗಿಸಿದ್ದರಿಂದ ಅದನ್ನು ಬಿಚ್ಚುವಾಗ ಎದೆಬಡಿತ ಹೆಚ್ಚುತ್ತದೆ. 1992ರ ಬೌಮನ್ ಮತ್ತು 1993ರ ಎಸ್‌ಪಿ ಆ ಕಾಲದ ಕಾರ್ಡು ಅಗ್ಗವೆಂಬ ಮಾತಿಗೆ ಹೊರತು. ಒಂದರಲ್ಲಿ ಮರಿಯಾನೊ ರಿವೆರಾ, ಇನ್ನೊಂದರಲ್ಲಿ ಡೆರೆಕ್ ಜೀಟರ್ ಅವರ ರೂಕಿ ಕಾರ್ಡು ಇರುವುದರಿಂದ ಅವುಗಳ ಬೆಲೆ ಬೇರೆಯೇ ಲೋಕದ್ದು. ಹೊಸಬರಿಗೆ ಅವು ಬೇಡ. ಅಷ್ಟು ಹಣ ಕೊಟ್ಟು ಕೊಂಡ ಕಾರ್ಡನ್ನು ಮಕ್ಕಳ ಕೈಗೆ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. 1991ರ ಟಾಪ್ಸನ್ನು ಮುಟ್ಟಬಹುದು, ಜೇಬಿನಲ್ಲಿಟ್ಟುಕೊಳ್ಳಬಹುದು, ಗೆಳೆಯರಿಗೆ ಕೊಡಬಹುದು, ಹಿಂಬದಿಯ ಅಂಕಿಗಳನ್ನು ಬೆರಳಿಟ್ಟು ಓದಬಹುದು. ಅಗ್ಗವಾದದ್ದರಿಂದಲೇ ಅದು ಮತ್ತೆ ಆಟದ ಸಾಮಾನಾಗಿದೆ.

ಇಟ್ಟುಕೊಳ್ಳಲು ಹೆಚ್ಚಿನ ಏರ್ಪಾಡು ಬೇಕಿಲ್ಲ. ಪುಟಕ್ಕೆ ಒಂಬತ್ತು ಜೇಬುಗಳಿರುವ ಪ್ಲಾಸ್ಟಿಕ್ ಹಾಳೆಗಳಲ್ಲಿ ಕಾರ್ಡಿಗೊಂದು ಜೇಬಿನಂತೆ ಜೋಡಿಸಿದರೆ 792 ಕಾರ್ಡುಗಳು ಸರಿಯಾಗಿ 88 ಹಾಳೆಗಳಲ್ಲಿ ಕೂರುತ್ತವೆ, ಒಂದು ಜೇಬೂ ಮಿಗುವುದಿಲ್ಲ. ಪಿವಿಸಿ ಇಲ್ಲದ ಹಾಳೆಗಳನ್ನೇ ಕೇಳಿ ತರಬೇಕು. ಪಿವಿಸಿ ಕಾಲಕ್ರಮೇಣ ಜಿಡ್ಡು ಬಿಟ್ಟು ಕಾರ್ಡನ್ನು ಕೆಡಿಸುತ್ತದೆ. ಹಾಳೆ ಮತ್ತು ಫೈಲಿಗೆ ನನಗೆ ತಗುಲಿದ ವೆಚ್ಚ ಬಾಕ್ಸಿಗಿಂತ ಹೆಚ್ಚಾಯಿತು. ಬಾಕ್ಸನ್ನು ಎಲ್ಲಿಟ್ಟಿದ್ದರೆಂದು ಅಂಗಡಿಯವರನ್ನು ಕೇಳುವುದೂ ಮುಖ್ಯ. ನೆಲಮಾಳಿಗೆಯ ತೇವದಲ್ಲಿದ್ದ ಬಾಕ್ಸಾದರೆ ಪ್ಯಾಕಿನ ಮೂಲೆಗಳು ಮೆತ್ತಗಾಗಿರುತ್ತವೆ, ಮೂಗಿನ ಹತ್ತಿರ ಹಿಡಿದರೆ ಮುಗ್ಗಲು ವಾಸನೆ ಬರುತ್ತದೆ. ಹೊದಿಕೆಯ ಮಡಿಕೆಯಲ್ಲಿ ಮೇಣ ಎರಡು ಬಾರಿ ಕರಗಿದಂಥ ಗುರುತಿದ್ದರೆ ಯಾರೋ ಬಿಚ್ಚಿ, ಬಿಸಿ ತಾಗಿಸಿ ಮತ್ತೆ ಅಂಟಿಸಿದ್ದಾರೆಂದು ತಿಳಿಯಬೇಕು.

ಬಾಕಿಯಿದ್ದ 305ರಲ್ಲಿ ಹೆಚ್ಚಿನವನ್ನು ಅದೇ ಅಂಗಡಿಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ರಾಶಿ ಹಾಕಿದ್ದ ಬಿಡಿ ಕಾರ್ಡುಗಳಿಂದ ಹುಡುಕಿದೆವು. ಡಾಲರಿಗೆ ಇಪ್ಪತ್ತು ಕಾರ್ಡು. ಮಗಳು ಬೇಕಾದ ನಂಬರುಗಳನ್ನು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದುಕೊಂಡು ಬಂದು, ಸಿಕ್ಕಂತೆಲ್ಲ ಪೆನ್ಸಿಲಿನಿಂದ ಹೊಡೆದುಹಾಕುತ್ತಾಳೆ. ಈಗ ಉಳಿದಿರುವುದು ಒಂಬತ್ತು. ಆನ್‌ಲೈನಿನಲ್ಲಿ ತರಿಸಿದರೆ ಎರಡು ದಿನದಲ್ಲಿ ಬರುತ್ತವೆ. ಅವಳು ಬೇಡವೆಂದಿದ್ದಾಳೆ, ನಾನೂ ಒಪ್ಪಿದ್ದೇನೆ. ಮುಂದಿನ ಶನಿವಾರ ಪುನರಾವರ್ತನೆಯಾದ ಆ 53 ಕಾರ್ಡುಗಳನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ಅಂಗಡಿಗೆ ಹೋಗುತ್ತೇವೆ.